ಗಿರಾಕಿ ಹಾಕಿದ ಗಂಟು

ರಾಂಪುರದ ಕಡೆಯ ಆ ರೈತ ನಮ್ಮ ಮನೆ ಹುಡುಕಿಕೊಂಡು ಬಂದಾಗ ನಾನು ಪಡಸಾಲೆಯಲ್ಲಿ ಕೂತು ಈರುಳ್ಳಿ ಬೀಜದ ಪ್ಯಾಕೆಟ್‌ಗಳ ಬಾಯಿ ಮುಚ್ಚುತ್ತಿದ್ದೆ. ಆಗ ನಮ್ಮಲ್ಲಿ ಸೀಲ್ ಹಾಕುವ ಮಿಷನ್ ಇರಲಿಲ್ಲ. ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡಿಗೆ ಪ್ಲಾಸ್ಟಿಕ್ ಚೀಲದ ಅಂಚನ್ನು ಮಡಚಿ, ಮೇಣದಬತ್ತಿಯ ಉರಿಯ ಪಕ್ಕ ಒಂದು ಸಲ ಸರ್ರನೆ ಎಳೆದರೆ ಬಾಯಿ ಕೂಡಿಕೊಳ್ಳುತ್ತಿತ್ತು. ಬ್ಲೇಡಿನ ಹಲ್ಲಿನ ಗುರುತು ಅಂಚಿನುದ್ದಕ್ಕೂ ಸಣ್ಣ ಹೊಲಿಗೆಯ ಹಾಗೆ ಮೂಡುತ್ತಿತ್ತು.

ಆತ ಜಗಲಿಯ ಮೇಲೆ ಕೂತು ಹೆಗಲ ಟವೆಲ್ಲಿನ ಗಂಟು ಬಿಚ್ಚಿದ. ಒಳಗೆ ಹೊಲದ ಮಣ್ಣಿತ್ತು. ಮಣ್ಣಿನಲ್ಲಿ ಕಪ್ಪು ಬೀಜ ಬಿತ್ತಿದ ಹಾಗೇ ಬಿದ್ದಿದ್ದವು. ಅಲ್ಲೊಂದು ಇಲ್ಲೊಂದು ಮಾತ್ರ ಸೂಜಿಯಂಥ ಹಸಿರು ಮೊಳಕೆ.

"ಮಳಿ ಬಂತು, ಹದ ಬಂತು, ಬಿತ್ತಿದೆ. ನೋಡಮ್ಮ, ನಿನ್ನ ಬೀಜ ಮಲಗೈತೆ," ಅಂದ. ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಚಹಾ ಕೊಟ್ಟೆ, ಮುಟ್ಟಲಿಲ್ಲ. ಟವೆಲ್ಲಿನ ಮಣ್ಣನ್ನು ಜಗಲಿಯ ಮೇಲೇ ಸುರಿದು, ಪಕ್ಕದಲ್ಲಿ ಖಾಲಿ ಪ್ಯಾಕೆಟ್ ಇಟ್ಟು, "ನಂದೊಬ್ಬಂದೇ ಅಲ್ಲ, ನಮ್ಮೂರಾಗ ಇನ್ನೂ ಅದಾರೆ, ಬರ್ತಾರೆ," ಎಂದು ಬಸ್ಸಿಗೆ ಹೊರಟ.

ಪರಶುರಾಂಪುರದಲ್ಲಿ ನಮ್ಮತ್ತೆ ಬಹಳ ವರ್ಷದಿಂದ ಬೀಜ ಮಾಡುತ್ತಿದ್ದರು. ದಪ್ಪ ಗಡ್ಡೆ ಆರಿಸಿ ಬಾವಿ ಹೊಲದಲ್ಲಿ ನೆಟ್ಟು, ಬಿಳಿ ಹೂವಿನ ಚೆಂಡು ಒಣಗಿದ ಮೇಲೆ ಕೊಯ್ದು, ಬಡಿದು, ತೂರಿ, ನೆರಳಲ್ಲಿ ಒಣಗಿಸುವುದು ಅವರ ಕೆಲಸ. ನೆಂಟರಿಷ್ಟರಿಗೆ ಕೊಟ್ಟು ಮಿಕ್ಕಿದ್ದನ್ನು ಪ್ಯಾಕೆಟ್ ಮಾಡಿ ಅಂಗಡಿಗಳಿಗೆ ಹಾಕುವ ಯೋಚನೆ ನನ್ನದೂ ಮೈದುನನದೂ. ನಮ್ಮ ಯಜಮಾನರು ಲಾರಿ ಮೇಲೆ ಇರುತ್ತಿದ್ದರು, ತಿಂಗಳಲ್ಲಿ ಮನೆ ನೋಡುವುದೇ ಅಪರೂಪ. ಹಾಗಾಗಿ ಪ್ಯಾಕೆಟ್ ತುಂಬುವುದು ನಾನು, ಮೊಪೆಡ್ ಮೇಲೆ ಚಳ್ಳಕೆರೆ, ತಳಕು, ರಾಂಪುರದ ಅಂಗಡಿಗಳಿಗೆ ಮುಟ್ಟಿಸುವುದು ಮೈದುನ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದೊಡ್ಡ ಕಂಪನಿಗಳ ಹೊಳೆಯುವ ಡಬ್ಬಿಗಳು ಅಂಗಡಿಗೆ ಬಂದಿದ್ದರೂ ನಮ್ಮ ಪ್ಯಾಕೆಟ್ಟಿಗೆ ಗಿರಾಕಿಗಳಿದ್ದರು.

ಆತ ಹೋದ ಮೇಲೆ ಆ ಖಾಲಿ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ನಮ್ಮ ಲೇಬಲ್ಲಿನ ಮೇಲೆ ಕೆಂಪು ಈರುಳ್ಳಿಯ ಚಿತ್ರವಿತ್ತು. ಚಳ್ಳಕೆರೆಯ ಪ್ರೆಸ್ಸಿನಲ್ಲಿ ನಾನೇ ನಿಂತು ಬಣ್ಣ ಒಪ್ಪಿಸಿಕೊಂಡಿದ್ದೆ. ಈ ಪ್ಯಾಕೆಟ್ಟಿನ ಈರುಳ್ಳಿ ಮಾತ್ರ ಕೆಂಪಗಿರಲಿಲ್ಲ, ತೊಳೆದ ಗುಲಾಬಿ ಬಣ್ಣದಲ್ಲಿತ್ತು. ನನಗೆ ಜೀವ ಬಂದ ಹಾಗಾಯಿತು.

"ಅತ್ತೆ, ಇದು ನಮ್ಮದಲ್ಲ. ಯಾರೋ ನಮ್ಮ ಹೆಸರಲ್ಲಿ ಬೇರೆ ಛಾಪಿಸ್ಯಾರೆ," ಅಂದೆ.

ಯಾರು ಅನ್ನುವುದಕ್ಕೆ ಉತ್ತರ ನನ್ನಲ್ಲಿ ಆಗಲೇ ತಯಾರಿತ್ತು. ಪ್ರೆಸ್ಸಿನವನು ಉಳಿದ ಲೇಬಲ್ಲುಗಳನ್ನು ನಮಗೆ ಪೂರ್ತಿ ಕೊಟ್ಟಿರಲಿಲ್ಲ, "ಕೆಟ್ಟಿದ್ದವು, ಎಸೆದೆ" ಅಂದಿದ್ದ. ಮಂಡಿಯಲ್ಲಿ ಈರುಳ್ಳಿ ದಲ್ಲಾಳಿಯೊಬ್ಬ "ನಿಮ್ಮ ಬೀಜಕ್ಕೆ ಒಳ್ಳೆ ಹೆಸರು ಐತೆ, ನಮಗೂ ಸ್ವಲ್ಪ ಲೇಬಲ್ ಕೊಡ್ರಿ" ಎಂದು ನಗುತ್ತಾ ಕೇಳಿದ್ದ. ಆಂಧ್ರದ ಗಡಿಯಿಂದ ಗೋಣಿಚೀಲದಲ್ಲಿ ಅಗ್ಗದ ಬೀಜ ತಂದು ಮಾರುವವರಿದ್ದರು. ಇವರೆಲ್ಲರನ್ನೂ ನನ್ನ ಮನಸ್ಸಿನಲ್ಲಿ ಒಂದೇ ಜೀಪಿನಲ್ಲಿ ಕೂರಿಸಿ ಪೊಲೀಸ್ ಠಾಣೆಗೆ ಕಳಿಸಿಬಿಟ್ಟಿದ್ದೆ.

ಆಮೇಲೆ ಪ್ಯಾಕೆಟ್ಟಿನ ಬಾಯಿಯನ್ನೂ ಬೆಳಕಿಗೆ ಹಿಡಿದೆ. ನನ್ನ ಬ್ಲೇಡಿನ ನಡುವೆ ಒಂದು ಹಲ್ಲು ಮುರಿದಿತ್ತು. ನಾನು ಮುಚ್ಚಿದ ಪ್ರತಿ ಪ್ಯಾಕೆಟ್ಟಿನ ಅಂಚಿನಲ್ಲೂ ಆ ಜಾಗದಲ್ಲಿ ಹೊಲಿಗೆ ತಪ್ಪಿದ ಹಾಗೆ ಒಂದು ಖಾಲಿ ಇರುತ್ತಿತ್ತು. ಈ ಪ್ಯಾಕೆಟ್ಟಿನಲ್ಲೂ ಆ ಖಾಲಿ ಇತ್ತು. ರೈತ ಅಂಚನ್ನು ಬಿಡಿಸದೆ ಕೆಳಗಿನ ಮೂಲೆಯನ್ನು ಕತ್ತರಿಸಿ ಬೀಜ ಸುರಿದುಕೊಂಡಿದ್ದ. ಯಾರಾದರೂ ಬಿಚ್ಚಿ ಮತ್ತೆ ಮುಚ್ಚಿದ್ದರೆ ಎರಡನೇ ಗೆರೆ ಬೀಳಬೇಕಿತ್ತು, ಅದು ಇರಲಿಲ್ಲ. ಲೇಬಲ್ಲಿನ ಬಣ್ಣ ಏನೇ ಇರಲಿ, ಇದರ ಬಾಯಿ ಮುಚ್ಚಿದ್ದು ನಮ್ಮ ಪಡಸಾಲೆಯಲ್ಲೇ.

ಅಲ್ಲಿಗೆ ಅನುಮಾನ ಹೊರಗಿನಿಂದ ಮನೆಯೊಳಗೆ ಬಂತು.

ಅತ್ತೆ ಮೊದಲು ನನ್ನನ್ನೇ ಕೇಳಿದರು. "ನಾನು ಇಲ್ದಾಗ ಬೀಜ ಬಿಸಿಲಿಗೆ ಹಾಕಿದ್ಯಾ? ನೆರಳಾಗೆ ಒಣಗ್ಸು ಅಂದಿದ್ದೆ." ಇಲ್ಲ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ನಾನು ಪಡಸಾಲೆಯಿಂದ ಎದ್ದರೆ ಅವರು ಬಂದು ಬೀಜದ ಮಡಕೆಗೆ ಕೈ ಹಾಕಿ ನೋಡುತ್ತಿದ್ದರು. ನಾನು ಮೈದುನನನ್ನು ಗಮನಿಸತೊಡಗಿದೆ. ಅವನು ಹೋಗುವ ಮೊದಲು ಚೀಲ ತೂಗಿ ನೋಡುವುದು, ಬಂದ ಮೇಲೆ ಯಾವ ಅಂಗಡಿ, ಎಷ್ಟು ಹೊತ್ತು ಅಂತ ಕೇಳುವುದು. ನನ್ನ ಬ್ಲೇಡು ಮೇಣದಬತ್ತಿ ಪಡಸಾಲೆಯ ಗೂಡಿನಲ್ಲೇ ಇರುತ್ತಿದ್ದವು. ಅವನು ಹಳೇ ಬೀಜ ಎಲ್ಲಿಂದಲೋ ತಂದು ತುಂಬಿ ಇಲ್ಲೇ ಮುಚ್ಚಿದ್ದರೆ? ಕೇಳಬಾರದಿತ್ತು, ಆದರೂ ಒಂದು ದಿನ ಊಟಕ್ಕೆ ಬಡಿಸುತ್ತಾ, "ನಮ್ಮ ಬ್ಲೇಡನ್ನ ಯಾರಾದ್ರೂ ಮುಟ್ಟಿದ್ರಾ?" ಅಂದುಬಿಟ್ಟೆ.

ಅವನು ತಟ್ಟೆಯಲ್ಲಿ ಕೈ ತೊಳೆದ. "ನೇರವಾಗಿ ಕೇಳು ಅತ್ತಿಗೆ. ನಾನು ಕಳ್ಳನಾ ಅಂತ ಕೇಳು."

"ಹಂಗಂದ್ನೇನೋ ನಾನು?"

"ಬಾಯಲ್ಲಿ ಅಂದಿಲ್ಲ. ಎಂಟು ದಿನದಿಂದ ಕಣ್ಣಲ್ಲಿ ಅಂತಾ ಇದ್ದೀಯಾ." ಅವನು ಹಾಸಿಗೆ ಸುತ್ತಿಕೊಂಡು ಬಾವಿ ಹೊಲದ ಗುಡಿಸಲಿಗೆ ಹೋದ. ಮೊಪೆಡ್ ಅಂಗಳದಲ್ಲೇ ನಿಂತಿತ್ತು. ಅತ್ತೆ ನನ್ನ ಜೊತೆ ಮಾತು ನಿಲ್ಲಿಸಿದರು.

ಆ ಹೊತ್ತಿಗೆ ರಾಂಪುರದ ಕಡೆಯಿಂದ ಇನ್ನೂ ಕೆಲವರು ಬಂದು ಹೋಗಿದ್ದರು. ಅವರು ತಂದ ಪ್ಯಾಕೆಟ್ಟುಗಳಲ್ಲಿ ಒಂದಷ್ಟು ಮಾಸಲು ಬಣ್ಣದವು, ಒಂದಷ್ಟು ಸರಿಯಾದ ಕೆಂಪಿನವು. ವಿಚಿತ್ರವೆಂದರೆ ತಳಕಿನಿಂದ, ಚಳ್ಳಕೆರೆಯಿಂದ ದೂರು ಬಂದಿರಲಿಲ್ಲ. ಎಲ್ಲರೂ ಬೀಜ ಕೊಂಡಿದ್ದು ರಾಂಪುರದ ಒಂದೇ ಅಂಗಡಿಯಲ್ಲಿ.

ಪ್ರತಿ ವರ್ಷ ತುಂಬುವಾಗ ನಾನು ಮಡಕೆಯಿಂದ ಒಂದು ಹಿಡಿ ಬೀಜ ತೆಗೆದು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ. ಈ ವರ್ಷದ ಹಿಡಿಯಲ್ಲಿ ಒಂದು ಚಿಟಿಕೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರಿನ ಕೊಡದ ಪಕ್ಕದ ತಂಪಿನಲ್ಲಿ ಇಟ್ಟು, ಒಣಗದ ಹಾಗೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆ. ವಾರ ಕಳೆಯುವಷ್ಟರಲ್ಲಿ ಬಟ್ಟೆ ಬಿಚ್ಚಿದರೆ ಬಿಳಿ ಬೇರು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆಗೇ ಅಂಟಿದ್ದವು. ಮನೆಯಿಂದ ಹೊರಟಾಗ ಬೀಜ ಬದುಕಿತ್ತು. ಅತ್ತೆಯ ಮುಂದೆ ಬಟ್ಟೆ ಇಟ್ಟೆ. ಅವರು ನೋಡಿ, "ಹಂಗಾದ್ರೆ ದಾರಿಯಾಗೆ ಸತ್ತೈತೆ. ಹೋಗಿ ನೋಡು," ಅಂದರು. ಅಷ್ಟು ದಿನದಲ್ಲಿ ಅವರು ಆಡಿದ ಮೊದಲ ಮಾತು.

ರಾಂಪುರದ ಅಂಗಡಿಯವರು ನನ್ನನ್ನು ನೋಡಿರಲಿಲ್ಲ. ಅವರ ವ್ಯವಹಾರವೆಲ್ಲ ಮೈದುನನ ಜೊತೆ. ಹಾಗಾಗಿ ಗಿರಾಕಿಯಾಗಿ ಹೋಗುವುದೇ ಸರಿ ಅನ್ನಿಸಿತು. ಹೊಲದ ಸೀರೆ ಉಟ್ಟು, ಚಳ್ಳಕೆರೆಗೆ ಹೋಗಿ, ಬಳ್ಳಾರಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕೇಳಬೇಕಾದ ಪ್ರಶ್ನೆಗಳನ್ನು ಜೋಡಿಸಿಕೊಂಡೆ. ರಾಂಪುರದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು ರಸ್ತೆಯ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು.

ಅಂಗಡಿ ಪಡುವಣಕ್ಕೆ ಮುಖ ಮಾಡಿತ್ತು. ಮುಂದೆ ಜಿಂಕ್ ಶೀಟಿನ ಇಳಿಜಾರು. ಅದರ ಅಂಚಿನಿಂದ ಶಾಂಪೂ ಪೊಟ್ಟಣ, ಬೀಡಿ ಕಟ್ಟು, ಅವುಗಳ ಜೊತೆಗೆ ನಮ್ಮ ಬೀಜದ ಪ್ಯಾಕೆಟ್ಟುಗಳು ಒಂದರ ಕೆಳಗೊಂದು ಸರದ ಹಾಗೆ ತೂಗುತ್ತಿದ್ದವು.

"ಎರ್ರಗಡ್ಡ ವಿತ್ತನಾಲು ಉನ್ನಾಯಾ?" ಎಂದು ಆ ಗಡಿ ಸೀಮೆಯ ತೆಲುಗಿನಲ್ಲಿ ಕೇಳಿದೆ. ಈರುಳ್ಳಿ ಬೀಜ ಇದೆಯಾ ಅಂತ.

ಅಂಗಡಿಯವರು ದಪ್ಪ ಕನ್ನಡಕದ ಹಿರಿಯರು. "ಉನ್ನಾಯಮ್ಮಾ, ಪರಶುರಾಂಪುರದ್ದು. ಒಳ್ಳೆ ಬೀಜ," ಎಂದು ಸರಕ್ಕೆ ಕೈ ಹಾಕಿದರು. ನಾನೂ ಕೈ ಹಾಕಿದೆ. ಪ್ಯಾಕೆಟ್ಟು ಆಗಷ್ಟೇ ಬಾಣಲೆಯಿಂದ ತೆಗೆದ ಶೇಂಗಾದ ಹಾಗೆ ಬಿಸಿಯಾಗಿತ್ತು. ಪ್ಲಾಸ್ಟಿಕ್ಕಿನ ಒಳಮೈಗೆ ಸಣ್ಣ ಬೆವರ ಹನಿ ಕೂತಿದ್ದವು. ಸರದ ಮೇಲಿನ ಪ್ಯಾಕೆಟ್ಟುಗಳ ಮೇಲೆ ಈರುಳ್ಳಿ ಕೆಂಪಗಿತ್ತು. ಕೆಳಗೆ ಇಳಿದ ಹಾಗೆ ಬಿಸಿಲಿಗೆ ಮಾಸುತ್ತಾ ಮಾಸುತ್ತಾ ಕೊನೆಯವು ಗುಲಾಬಿಯಾಗಿದ್ದವು.

"ಇವು ಯಾಕೆ ಬೇರೆ ಬಣ್ಣ?"

"ಕೆಳಗಿನವು ಹೋದ ವರ್ಷ ಉಳಿದವು. ಹೊಸದನ್ನ ಮ್ಯಾಲೆ ಸೇರಿಸಿದೀನಿ. ಹಳೇ ಸರಕು ಮೊದ್ಲು ಮಾರಬೇಕಲ್ಲಮ್ಮ." ಅವರ ದನಿಯಲ್ಲಿ ಯಾವ ಕಳ್ಳತನವೂ ಇರಲಿಲ್ಲ. ಸೋಪು, ಬೆಂಕಿಪೊಟ್ಟಣ ಮಾರುವವರ ಲೆಕ್ಕ ಅದು. ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ಸಾಯುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೊಸದೂ ಆ ಜಿಂಕ್ ಶೀಟಿನ ಕೆಳಗೆ ಬೆಂದು ಹೋಗುತ್ತಿತ್ತು.

"ಒಳಗಡೆ ತಂಪಿನಾಗೆ ಇಟ್ಟಿರೋದು ಐತಾ? ಅದು ಬೇಕು," ಅಂದೆ.

ಅವರ ಕೈ ನಿಂತಿತು. ಕನ್ನಡಕ ಮೇಲೆ ಸರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾವೂರಮ್ಮ ನಿಂದು? ಹೊಲ ಎಲ್ಲೈತೆ?" ನಾನು ತಡವರಿಸಿ ಒಂದು ಊರಿನ ಹೆಸರು ಹೇಳಿದೆ. "ಆ ಊರಾಗೆ ಈರುಳ್ಳಿ ಬೆಳೆಯಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದಿದೀಯಾ? ಇಲ್ಲ ಕಂಪನಿಯೋರು ಕಳಿಸ್ಯಾರಾ?" ಎಂದು ಸರವನ್ನೇ ಬಿಚ್ಚಿ ಒಳಗೆ ಇಡಲು ಹೋದರು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಈ ಬೀಜ ಮಾಡೋಳು ನಾನೇ ರೀ," ಅಂದೆ.

"ಅಹಾ! ಬೀಜ ಮಾಡೋರ ಮನೆಯಾಕೆ ಬೀಜ ಕೊಳ್ಳಕ್ಕೆ ಇಲ್ಲಿಗೆ ಬರ್ತಾಳೆ. ಹೆಂಗೆ ನಂಬಲಿ?"

ಹೇಗೆ ನಂಬಿಸಬೇಕು? ಮೈದುನನ ಹೆಸರು ಹೇಳಿದೆ, ಅದು ಎಲ್ಲರಿಗೂ ಗೊತ್ತು ಅಂದರು. ಅತ್ತೆಯ ಹೆಸರು ಹೇಳಿದೆ, ಅದನ್ನು ಅವರು ಕೇಳೇ ಇರಲಿಲ್ಲ. ಆಣೆ ಮಾಡುತ್ತೇನೆ ಅಂದೆ. "ಆಣೆ ಎಲ್ಲಾರೂ ಮಾಡ್ತಾರೆ," ಎಂದು ತಲೆ ಕೊಡವಿದರು. ಕೊನೆಗೆ, "ನನಗೆ ತೋರಿಸಬ್ಯಾಡ್ರಿ. ನಿಮ್ಮ ಕೈಲಿರೋ ಯಾವ ಪ್ಯಾಕೆಟ್ ಆದ್ರೂ ಹಿಡಿದು ಬಾಯಿ ನೋಡ್ರಿ. ನಡುವೆ ಒಂದು ಹಲ್ಲು ಇಲ್ಲ. ಅದು ನನ್ನ ಬ್ಲೇಡು," ಅಂದೆ. ಅವರು ಬೆನ್ನು ತಿರುಗಿಸಿ ಒಂದು ನೋಡಿದರು, ಇನ್ನೊಂದು, ಮತ್ತೊಂದು. ಆಮೇಲೆ ಒಳಗಿಂದ ಸ್ಟೂಲು ತಂದು ಹಾಕಿದರು.

ಕೂತ ಮೇಲೆ ಅವರೇ ಹೇಳಿದರು, "ಹಿಂಗೆ ನೇತು ಹಾಕು, ಶಾಂಪೂ ತರ ಜನಕ್ಕೆ ಕಾಣ್ತದೆ ಅಂತ ನಿಮ್ಮ ಹುಡುಗನೇ ದಾರ, ಕೊಕ್ಕೆ ತಂದು ಕೊಟ್ಟ. ವ್ಯಾಪಾರ ಆಯ್ತು ಕೂಡ." ಆ ಉಪಾಯ ಹೊಳೆದ ದಿನ ನಮ್ಮ ಮನೆಯಲ್ಲಿ ಎಲ್ಲರೂ ಮೆಚ್ಚಿಕೊಂಡಿದ್ದೆವು. ಉಳಿದ ಊರುಗಳಲ್ಲಿ ಅಂಗಡಿಯವರು ಸೋಮಾರಿತನದಿಂದ ಕೊಕ್ಕೆ ಹಾಕದೆ ಪ್ಯಾಕೆಟ್ಟುಗಳನ್ನು ಒಳಗಿನ ಕಪಾಟಿನಲ್ಲಿ ಬಿಟ್ಟಿದ್ದರು. ಹೇಳಿದ ಮಾತು ಕೇಳಿದವರು ಇವರೊಬ್ಬರೇ.

ಸರದ ಮೇಲಿನದು, ಕೆಳಗಿನದು ಎರಡನ್ನೂ ತಂದು ಮನೆಯಲ್ಲಿ ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿದೆ. ಮಾಸಿದ ಪ್ಯಾಕೆಟ್ಟಿನದು ಕೊಳೆತು ವಾಸನೆ ಬಂತು. ಹೊಸದರಲ್ಲಿ ಅರೆಬರೆ ಮೊಳಕೆ. ನಾನೇ ಬಾವಿ ಹೊಲಕ್ಕೆ ನಡೆದು ಹೋಗಿ ಮೈದುನನ ಮುಂದೆ ಬಟ್ಟೆಗಳನ್ನು ಬಿಚ್ಚಿಟ್ಟೆ. ಕೊಕ್ಕೆಯ ವಿಷಯ ಕೇಳಿ ಅವನು ಕೊಳೆತ ಬೀಜವನ್ನು ಬೆರಳಲ್ಲಿ ಹಿಸುಕಿ ಮೂಸಿದ.

"ಈಗೇನು ಮಾಡ್ತೀಯಾ?"

"ರಾಂಪುರದ್ದೆಲ್ಲ ವಾಪಸ್ ತರೋಣ. ಬಾಕಿ ಅಂಗಡೀಲಿ ಹಳೇದು ಇದ್ರೆ ಅದನ್ನೂ."

"ಬಿತ್ತೋ ಕಾಲದಾಗೆ ವಾಪಸ್ ತಂದ್ರೆ ಬೀಜ ಕೆಟ್ಟೈತೆ ಅಂತ ನಾವೇ ಡಂಗುರ ಹೊಡೆದಂಗೆ. ಸುಮ್ನೆ ಬದಲಾಯಿಸಿ ಇಟ್ಟು ಬರ್ತೀನಿ. ಯಾರಿಗೂ ಗೊತ್ತಾಗಲ್ಲ."

ಅವನ ಮಾತು ವ್ಯಾಪಾರದ ದೃಷ್ಟಿಯಿಂದ ತಪ್ಪೇನಲ್ಲ. ಆದರೆ ಬಸ್ಸಿನಲ್ಲಿ ವಾಪಸ್ಸು ಬರುವಾಗಿನಿಂದ ನನ್ನ ತಲೆಯಲ್ಲಿ ಅಂಗಡಿಯವರ ಪ್ರಶ್ನೆಯೇ ಕೊರೆಯುತ್ತಿತ್ತು: ಹೆಂಗೆ ನಂಬಲಿ? ಹೆಸರು, ಆಣೆ ಯಾವುದೂ ನಡೆಯಲಿಲ್ಲ. ಅವರೇ ಬೆನ್ನು ತಿರುಗಿಸಿ ನೋಡಿಕೊಂಡಿದ್ದು ಮಾತ್ರ ನಡೆಯಿತು. ರೈತರಿಗೂ ಅಷ್ಟೇ. ಇನ್ನು ಮೇಲೆ ನಂಬಿ ಅಂತ ಕೇಳಬಾರದು, ಅನುಮಾನ ತೀರಿಸಿಕೊಳ್ಳಲು ಅವರ ಕೈಗೇ ಏನಾದರೂ ಕೊಡಬೇಕು.

"ಡಂಗುರಾನೇ ಹೊಡಿ. ಯಾಕೆ ಕೆಟ್ಟಿತು ಅಂತಾನೂ ಸೇರಿಸಿ ಹೇಳು," ಅಂದೆ. ಆ ವಾರ ಪ್ಯಾಕೆಟ್ಟುಗಳು ವಾಪಸ್ಸು ಬಂದವು. ಎಲ್ಲವನ್ನೂ ಕತ್ತರಿಸಿ ತಿಪ್ಪೆಗುಂಡಿಗೆ ಸುರಿದೆವು. ಅತ್ತೆ ಗುಂಡಿಯ ಅಂಚಿನಲ್ಲಿ ನಿಂತು ಕೊನೆಯ ಪ್ಯಾಕೆಟ್ಟಿನವರೆಗೂ ನೋಡಿದರು. ಬೀಜ ಕೊಯ್ಯುವಾಗ ಬಿಸಿಲಿನಲ್ಲಿ ಬಗ್ಗಿದ್ದು ಅವರ ಬೆನ್ನು.

ಹೊಸ ಕ್ರಮ ಹೀಗಿತ್ತು. ಅಂಗಡಿಯ ಒಳಗೆ ನೆರಳಿನಲ್ಲಿ ಮುಚ್ಚಳದ ಮಡಕೆಯಲ್ಲಿ ಪ್ಯಾಕೆಟ್ಟು. ಹೊರಗೆ ತೋರಿಕೆಗೆ ಬರೀ ಖಾಲಿ ಲೇಬಲ್ಲು. ಬೀಜ ಬೇಕೆಂದವರಿಗೆ ಒಂದು ಚಿಟಿಕೆ ಪುಕ್ಕಟೆ. ಮನೆಯಲ್ಲಿ ಬಟ್ಟೆಯಲ್ಲಿ ಕಟ್ಟಿ ನೋಡಿ, ಮೊಳೆತರೆ ಬಂದು ಕೊಳ್ಳಲಿ.

ಮೊದಲ ವಾರ ಯಾರೂ ಚಿಟಿಕೆ ಮುಟ್ಟಲಿಲ್ಲ. ನಾನೇ ರಾಂಪುರದ ಅಂಗಡಿಯಲ್ಲಿ ಕೂತಿದ್ದೆ. "ಪುಕ್ಕಟೆ ಯಾಕೆ ಕೊಡ್ತೀಯಾ? ಏನೋ ಐತೆ," ಎಂದು ಒಬ್ಬಾಕೆ ಕೈ ಹಿಂದೆಳೆದಳು. ನಮ್ಮ ಜಗಲಿಯಲ್ಲಿ ಮಣ್ಣು ಸುರಿದು ಹೋಗಿದ್ದ ರೈತನಿಗೆ ಬದಲಿ ಬೀಜ ಕೊಡುತ್ತೇನೆ ಎಂದು ಹೇಳಿ ಕಳಿಸಿದ್ದೆ. ಅವನೂ ಬಂದು ದೂರ ನಿಂತ.

"ಚಿಟಿಕೆ ಒಳ್ಳೆ ಮಡಕೆದು, ಪ್ಯಾಕೆಟ್ಟು ಕೆಟ್ಟ ಮಡಕೆದು. ಹಂಗಾದ್ರೆ?" ಅಂದ.

ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು. ಮಡಕೆಯನ್ನೇ ಅವನ ಮುಂದೆ ಸರಿಸಿ, "ನೀವೇ ಪ್ಯಾಕೆಟ್ ಆರಿಸ್ರಿ," ಅಂದೆ. ಅವನು ಮಡಕೆಯ ತಳಕ್ಕೆ ಕೈ ಹಾಕಿ ಒಂದನ್ನು ಎಳೆದ. ಅದನ್ನೇ ಕತ್ತರಿಸಿ, ಅದರಿಂದಲೇ ಚಿಟಿಕೆ ತೆಗೆದು ಕೊಟ್ಟೆ. "ಈಗ ಬಾಯಿ ನೀವೇ ಕಟ್ರಿ. ನಿಮ್ಮ ದಾರ, ನಿಮ್ಮ ಗಂಟು. ನೀವು ಬರೋ ತನಕ ಇಲ್ಲೇ ಇರ್ತದೆ."

ಅವನು ಟವೆಲ್ಲಿನ ಅಂಚಿನಿಂದ ದಾರ ಎಳೆದು, ನಮಗ್ಯಾರಿಗೂ ಬಾರದ ಒಂದು ಗಂಟು ಹಾಕಿದ. ಕುರಿ ಕಟ್ಟುವ ಗಂಟಂತೆ. ಹಾಕಿ ಎರಡು ಸಲ ಎಳೆದು ನೋಡಿ ಹೋದ. ಅವನನ್ನು ನೋಡಿ ಉಳಿದವರೂ ಹಾಗೇ ಗಂಟು ಹಾಕಿ ಹೋಗತೊಡಗಿದರು.

ಅಂಗಡಿಯವರು ಗೊಣಗಿದರು. "ಇಂಥ ಗಂಟು ಎಷ್ಟು ಕಾಯಲಿ ನಾನು? ಇದೇನು ವ್ಯಾಪಾರನಾ, ಚಪ್ಪಲಿ ಸ್ಟ್ಯಾಂಡಾ?" ಆದರೆ ಚಿಟಿಕೆಗೆ ಬಂದವರು ಉಪ್ಪು ಕೊಂಡರು, ಗಂಟು ಬಿಚ್ಚಲು ಬಂದವರು ಬೆಲ್ಲ ಕೊಂಡರು. ಒಂದು ಬೀಜಕ್ಕೆ ಗಿರಾಕಿ ಎರಡು ಸಲ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ ಎಂದು ಅವರಿಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಆಮೇಲೆ ಗೊಣಗುವುದನ್ನು ಬಿಟ್ಟು ಇನ್ನೊಂದು ಮಡಕೆ ತಂದರು.

ಆ ರೈತ ಮತ್ತೆ ಬಂದ. ತನ್ನ ಗಂಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಪ್ಯಾಕೆಟ್ಟನ್ನು ಬಗಲಿಗೆ ಇಟ್ಟುಕೊಂಡ. ಮೊಳೆಯಿತಾ ಅಂದರೆ, "ಬಟ್ಟೆಯಾಗೆ ಮೊಳೆತೈತೆ. ಹೊಲದಾಗೆ ನೋಡಬೇಕು," ಎಂದಷ್ಟೇ ಹೇಳಿದ. ಅವನ ಬಿತ್ತನೆ ತಡವಾಗಿತ್ತು, ಆ ವರ್ಷ ಗಡ್ಡೆ ಸಣ್ಣವಾದವು ಎಂದು ಆಮೇಲೆ ಕೇಳಿದೆ. ನಮ್ಮ ಬೀಜ ಚೆನ್ನಾಗಿದೆ ಎಂದು ಅವನ ಬಾಯಿಂದ ಯಾವತ್ತೂ ಬರಲಿಲ್ಲ. ಆ ಹಂಗಾಮಿನಲ್ಲಿ ನಾವು ಮಾರಿದ್ದು ಹಿಂದಿನ ವರ್ಷಕ್ಕಿಂತ ಕಡಿಮೆಯೇ. ಮೈದುನ ಗುಡಿಸಲಿನಿಂದ ಮನೆಗೆ ಬಂದ, ಆದರೆ ನನ್ನ ಜೊತೆ ಮೊದಲಿನ ಸಲಿಗೆಯಿಂದ ಮಾತಾಡಲು ಅವನಿಗೆ ಇನ್ನೊಂದು ವರ್ಷ ಹಿಡಿಯಿತು. ಹಂಗಾಮು ಮುಗಿದಾಗ ಉಳಿದ ಪ್ಯಾಕೆಟ್ಟುಗಳನ್ನು ಎಲ್ಲಾ ಅಂಗಡಿಗಳಿಂದ ಅವನೇ ಹೋಗಿ ಎತ್ತಿಕೊಂಡು ಬಂದ. ಆ ಕ್ರಮವನ್ನು ನಾವು ಮತ್ತೆ ಬಿಡಲಿಲ್ಲ.

ಮುಂದಿನ ಮುಂಗಾರಿಗೆ ನಾನು ರಾಂಪುರದ ಅಂಗಡಿಯಲ್ಲಿ ಕೂತಿದ್ದಾಗ ಗಡಿಯಾಚೆಯ ಹಳ್ಳಿಯ ಒಬ್ಬ ಹೆಣ್ಣುಮಗಳು ಬಂದಳು. ವಾರದ ಹಿಂದೆ ಚಿಟಿಕೆ ತೆಗೆದುಕೊಂಡು ಹೋಗಿದ್ದಳಂತೆ. ಸೆರಗಿನಿಂದ ಒದ್ದೆ ಬಟ್ಟೆ ತೆಗೆದು ನನ್ನ ಮುಂದೆ ಬಿಡಿಸಿದಳು. ಒಂದು ಮೂಲೆಯಲ್ಲಿ ನಮ್ಮ ಬೀಜ, ಇನ್ನೊಂದರಲ್ಲಿ ಕಂಪನಿ ಡಬ್ಬಿಯದು. ಎರಡೂ ಒಂದೇ ಸಮ ಮೊಳೆತಿದ್ದವು.

"ಯಾವುದು ತಗೋತೀಯಾ?" ಅಂದೆ.

"ಅರ್ಧ ಅದು, ಅರ್ಧ ಇದು."

"ನಮ್ಮದರ ಮ್ಯಾಲೆ ಇನ್ನೂ ನಂಬಿಕೆ ಬಂದಿಲ್ವಾ?"

"ನಂಬಿಕೆ ಇದ್ದಿದ್ರೆ ಎರಡು ಸಲ ಬಸ್ಸಿಗೆ ಯಾಕೆ ಬರ್ತಿದ್ದೆ?" ಎಂದು ನಕ್ಕು, ಗಂಟು ಪರೀಕ್ಷಿಸಿ, ಪ್ಯಾಕೆಟ್ಟು ತೆಗೆದುಕೊಂಡು ಹೋದಳು.

ಮಾರನೇ ದಿನ ಅದೇ ಹಳ್ಳಿಯಿಂದ ನಾಲ್ಕೈದು ಹೆಂಗಸರು ಬಂದರು. ನಮ್ಮ ಬೀಜ ಮೊಳೆಯಿತು ಎಂದು ಅವಳು ಊರಿನಲ್ಲಿ ಹೇಳಿದ್ದಳಂತೆ. ಖುಷಿಯಿಂದ ಮಡಕೆಯ ಮುಚ್ಚಳ ತೆಗೆದು, ಎಷ್ಟು ಪ್ಯಾಕೆಟ್ ಬೇಕು ಅಂದೆ. ಅವರಲ್ಲಿ ಹಿರಿಯಳು ಮಡಚಿದ ಬಟ್ಟೆಯ ತುಂಡೊಂದನ್ನು ನನ್ನ ಮುಂದೆ ಚಾಚಿದಳು. ಉಳಿದವರ ಕೈಯಲ್ಲೂ ಒಂದೊಂದು ತುಂಡು ಇತ್ತು.

"ಆಕಿ ಮಾತು ಕಟ್ಕೊಂಡು ಯಾರು ಬಿತ್ತುತಾರೆ? ಚಿಟಿಕೆ ಹಾಕಮ್ಮ," ಅಂದಳು.